ಎರಡು ಡಿಸ್ಕಿನಲ್ಲಿಟ್ಟ ಅವ್ವನ ದನಿ

ನನ್ನ ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು ಇರುತ್ತವೆ. ಮನೆಯ ಕೀಲಿಕೈ ಎರಡು. ಒಂದು ಕೈಚೀಲದಲ್ಲಿ, ಇನ್ನೊಂದು ಉಡದಾರಕ್ಕೆ ಕಟ್ಟಿಕೊಂಡಿದ್ದು. ಕನ್ನಡಕವೂ ಎರಡಿವೆ. ಎರಡನ್ನೂ ಮನೆಯಲ್ಲೇ ಮರೆತು ಬಂದು, ಇಡೀ ದಿನ ಕಣ್ಣು ಕಿರಿದು ಮಾಡಿಕೊಂಡು ಅಂಗಡಿಯಲ್ಲಿ ಕೂತದ್ದೂ ಉಂಟು. ಅದನ್ನು ನಿಮ್ಮಿಂದ ಮುಚ್ಚಿಟ್ಟು ಆಗಬೇಕಾದ್ದೇನೂ ಇಲ್ಲ.

ನಾನು ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಹಾವೇರಿಯಿಂದ ದಿನಾ ಹೋಗಿ ಬರುತ್ತೇನೆ. ನಮ್ಮಲ್ಲಿ ತೂಕದ ಕೆಲಸ ನೋಡಿಕೊಳ್ಳುವ ಹನುಮಂತಪ್ಪ ಒಂದು ದಿನ ನನ್ನ ಜೇಬು ನೋಡಿ, “ಗುಮಾಸ್ತರ, ಎಲ್ಲಾ ಎರಡೆರಡ ಇಟ್ಟೀರಿ. ಮನ್ಯಾಗ ನಮ್ಮ ವೈನಿನೂ ಇಬ್ರು ಅದಾರೇನ್ರಿ ಮತ್ತ?” ಎಂದು ನನ್ನ ಹೆಂಡತಿಯ ಲೆಕ್ಕ ಕೇಳಿದ.

“ಇರೋ ಒಬ್ಬಾಕಿ ಮುಂದ ಬಾಯಿ ತಗಿಯಾಕ ಧೈರ್ಯ ಇಲ್ಲೋ ನನಗ” ಅಂದೆ.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಕ್ಕವರೆಲ್ಲ ಸೀನಿದರು. ಒಣಮೆಣಸಿನಕಾಯಿ ಅಂಗಡಿಯಲ್ಲಿ ನಗುವುದು ಸುಲಭದ ಕೆಲಸವಲ್ಲ. ಬಾಯಿ ತೆರೆದರೆ ಘಾಟು ನೇರ ಒಳಗೆ ಹೋಗುತ್ತದೆ. ಇಪ್ಪತ್ತು ವರ್ಷದಿಂದ ನಾನು ಬಾಯಿ ಮುಚ್ಚಿಕೊಂಡೇ ನಗುವುದನ್ನು ಕಲಿತಿದ್ದೇನೆ.

ಈ ಎರಡೆರಡು ಇಡುವ ಚಟ ನನಗೆ ಮೊದಲಿನಿಂದ ಇದ್ದದ್ದಲ್ಲ. ಅದು ಎಲ್ಲಿಂದ ಬಂತೆಂದು ಕೇಳಿದರೆ ನನ್ನ ಮೇಜಿನ ಮೇಲಿರುವ ಒಂದು ವಸ್ತುವನ್ನು ತೋರಿಸಬೇಕಾಗುತ್ತದೆ. ಖರೀದಿದಾರರು ದರ ಬರೆದುಕೊಟ್ಟ ಟೆಂಡರ್ ಚೀಟಿಗಳು ಫ್ಯಾನಿನ ಗಾಳಿಗೆ ಹಾರಬಾರದೆಂದು ಅವುಗಳ ಮೇಲೆ ಒಂದು ಹಾರ್ಡ್ ಡಿಸ್ಕ್ ಇಟ್ಟಿದ್ದೇನೆ. ಅರ್ಧ ಕೆ.ಜಿ.ಗಿಂತ ತುಸು ಹೆಚ್ಚು ಭಾರವಿದೆ. ತೂಕದ ಅಂಗಡಿಯವನಲ್ಲವೇ, ತೂಗಿ ನೋಡಿದ್ದೇನೆ. ಮಾಲು ತಂದ ರೈತರು ಕೆಲವರು ಅದನ್ನು ತಿರುಗಿಸಿ ನೋಡಿ, “ರೇಡಿಯೋದ್ದೇನ್ರಿ ಇದು?” ಎನ್ನುತ್ತಾರೆ. “ಹೌದು, ಅಂಥಾದ್ದ” ಎನ್ನುತ್ತೇನೆ. ಒಂದು ಕಾಲಕ್ಕೆ ಅದರೊಳಗೆ ನಮ್ಮ ಅವ್ವ ಮಾತಾಡುತ್ತಿದ್ದಳು ಎಂದು ಹೇಳಿದರೆ ಅವರು ನನ್ನ ಮುಖ ನೋಡಬಹುದು.

ನಮ್ಮ ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಅವಳ ಬೆನ್ನಿಗೆ ಬಿದ್ದ ಒಬ್ಬನೇ ತಮ್ಮ ಮಲ್ಲಪ್ಪ, ಅವಳ ಬಾಯಲ್ಲಿ ಮಲ್ಲೇಶಿ, ಮಿಲಿಟರಿಯಲ್ಲಿದ್ದ. ಅವನಿಗೆ ಕಾಗದ ಬರೆಯುವ ಕೆಲಸ ಆರನೇ ಇಯತ್ತೆಯಲ್ಲಿದ್ದ ನನ್ನ ಪಾಲಿಗೆ ಬಂದಿತ್ತು. ಅವ್ವ ಗೋಡೆಗೆ ಒರಗಿ ಕೂತು ಅರ್ಧ ತಾಸು ಹೇಳುತ್ತಿದ್ದಳು. ಯಾರ ಮನೆಯಲ್ಲಿ ಯಾರು ಮುನಿಸಿಕೊಂಡರು, ಬಾವಿ ನೀರು ಎಷ್ಟು ಕೆಳಗೆ ಹೋಯಿತು, ಕನಸಿನಲ್ಲಿ ತಮ್ಮ ಬರಿಗಾಲಲ್ಲಿ ಬಂದು ನಿಂತದ್ದು. ನನ್ನ ಲಕ್ಷ್ಯವೆಲ್ಲ ಹೊರಗೆ ಗೋಲಿ ಆಡುವವರ ಕಡೆ. ನಾನು ಬರೆಯುತ್ತಿದ್ದದ್ದು ಮೂರು ಸಾಲು: ನಾವೆಲ್ಲ ಕ್ಷೇಮ, ನಿನ್ನ ಕ್ಷೇಮಕ್ಕೆ ಪತ್ರ ಬರೆ, ಮಳೆ ಆಗಿದೆ.

ಒಮ್ಮೆ ರಜೆಗೆ ಬಂದ ಮಾವ ಅವ್ವನೆದುರು ನನ್ನ ಕಿವಿ ಹಿಡಿದು, “ಅಕ್ಕಾ, ನೀ ಹೇಳಿದ್ದು ಇಂವ ಅರ್ಧ ನುಂಗತಾನ. ಮಳಿ ಸುದ್ದಿ ರೇಡಿಯೋದಾಗ ಕೇಳ್ತೇನಿ. ನನಗ ನಿನ್ನ ಸುದ್ದಿ ಬೇಕು” ಅಂದ. ಮುಂದಿನ ರಜೆಗೆ ಬರುವಾಗ ಟ್ರಂಕಿನಲ್ಲಿ ಒಂದು ಟೇಪ್ ರೆಕಾರ್ಡರ್ ತಂದ. ತನ್ನ ಹತ್ತಿರವೂ ಅಂಥದ್ದೇ ಒಂದು ಇದೆಯೆಂದೂ, ಇನ್ನು ಮೇಲೆ ಕಾಗದ ಬೇಡ, ಕ್ಯಾಸೆಟ್ಟಿನಲ್ಲಿ ಮಾತಾಡಿ ಅಂಚೆಗೆ ಹಾಕಬೇಕೆಂದೂ ಹೇಳಿದ. ನನಗೆ ಬರಹದ ಕೆಲಸ ತಪ್ಪಿತೆಂದು ಖುಷಿಯಾಯಿತು.

ಅವ್ವ ಮಾತಾಡುವ ದಿನ ಮನೆಯೊಳಗೆ ಯಾರೂ ಇರಬಾರದು. ಮುಖ ತೊಳೆದು, ತಲೆ ತುಂಬ ಸೆರಗು ಹೊದ್ದು, ಟೇಪಿನ ಮುಂದೆ ಹಿರಿಯರ ಮುಂದೆ ಕೂತ ಹಾಗೆ ಕೂರುತ್ತಿದ್ದಳು. ನಾನು ಕಿಸಿಕಿಸಿ ನಗುತ್ತೇನೆಂದು ನನ್ನನ್ನೂ, ನನ್ನನ್ನು ನೋಡಿ ನಗುತ್ತಾನೆಂದು ತಮ್ಮ ಬಸುವನ್ನೂ ಹೊರಗೆ ಹಾಕಿ ಅಗಳಿ ಇಕ್ಕುತ್ತಿದ್ದಳು. ಆದ್ದರಿಂದ ಅವಳು ಏನು ಮಾತಾಡಿದಳೆಂಬುದು ಆಗ ನನಗೆ ಗೊತ್ತಾಗಲಿಲ್ಲ. ಗೊತ್ತು ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ.

ಒಂದು ಮಾತು ಹೇಳಬೇಕು. ಮಾವ ತನ್ನ ದನಿ ತುಂಬಿ ಕಳಿಸಿದ ಕ್ಯಾಸೆಟ್ಟನ್ನು ಅವ್ವ ನಾಲ್ಕಾರು ಸಲ ಕೇಳಿ, ಅದರ ಮೇಲೆಯೇ ತನ್ನ ಮಾತು ತುಂಬಿ ಅದನ್ನೇ ಕಳಿಸುತ್ತಿದ್ದಳು. ಹೊಸ ಕ್ಯಾಸೆಟ್ ತರುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಹೀಗಾಗಿ ಮಾವನ ದನಿ ಒಂದೂ ಉಳಿಯಲಿಲ್ಲ. ಮಾವ ಹಾಗೆ ಮಾಡಲಿಲ್ಲ. ಅವ್ವನ ಮಾತು ಬಂದ ಕ್ಯಾಸೆಟ್ಟನ್ನು ತೆಗೆದಿಟ್ಟು, ಪ್ರತಿ ಸಲವೂ ಹೊಸದನ್ನು ತಂದು ತುಂಬಿ ಕಳಿಸುತ್ತಿದ್ದ. ಪಿಂಚಣಿ ಪಡೆದು ರಾಣೆಬೆನ್ನೂರು ಕಡೆಯ ಮೇಡ್ಲೇರಿಗೆ ಬಂದು ನೆಲೆಸುವ ಹೊತ್ತಿಗೆ ಅವನ ಟ್ರಂಕಿನಲ್ಲಿ ಅವ್ವನ ದನಿಯ ಹನ್ನೊಂದು ಕ್ಯಾಸೆಟ್ಟುಗಳಿದ್ದವು.

ಅವ್ವ ತೀರಿಕೊಂಡ ಮರುವರ್ಷ ಮಾವ ಅವನ್ನು ಹಾವೇರಿಯ ನಮ್ಮ ಮನೆಗೆ ತಂದ. ಖಾಕಿ ಬಣ್ಣದ ಉಣ್ಣೆಯ ಕಾಲುಚೀಲಗಳಲ್ಲಿ ತುಂಬಿ, ಬಾಯಿಗೆ ದಾರ ಕಟ್ಟಿದ್ದ. ಒಂದೊಂದರ ಮೇಲೂ ಅಂಕಿ ಬರೆದಿತ್ತು.

“ನನ್ನ ಟೇಪು ಸತ್ತೈತಿ” ಅಂದ. “ಬಸುಗ ಕಂಪ್ಯೂಟರ್ ಗೊತ್ತೈತಲ್ಲ, ಅದರಾಗ ಹಾಕ್ರಿ. ನನಗ ಕೇಳಾಕ ಆಗೂಹಂಗ ಏನರ ಒಂದು ಮಾಡಿಕೊಡ್ರಿ. ಮುಗದಮ್ಯಾಲೆ ಇವನ್ನ ಹೊಳ್ಳಿ ನನಗ ಮುಟ್ಟಸ್ರಿ.”

ಮಾವ ಕೇಳಿದ್ದು ಎರಡೇ. ಎರಡಕ್ಕೂ ನಾವು ಹೂಂ ಅಂದೆವು.

ಬಸು ಆಗ ಹಾವೇರಿಯಲ್ಲಿ ಕಂಪ್ಯೂಟರ್ ಕಲಿಸುವ ಒಂದು ಸಂಸ್ಥೆಯಲ್ಲಿ ರಿಪೇರಿ ಕೆಲಸ ಮಾಡುತ್ತಿದ್ದ. ಅಲ್ಲೊಂದು ಇಲ್ಲೊಂದು ಬಿಡಿಭಾಗ ಕೂಡಿಸಿ ಮನೆಯಲ್ಲಿ ಒಂದು ಕಂಪ್ಯೂಟರ್ ಕಟ್ಟಿದ್ದ. ಹಳೆಯ ಟೇಪ್ ರೆಕಾರ್ಡರಿಗೆ ವೈರು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಕಂಪ್ಯೂಟರಿಗೆ ಚುಚ್ಚಿ, ಕ್ಯಾಸೆಟ್ ಹಾಕಿ ಬಿಟ್ಟರೆ ಅದು ಒಳಗೆ ಇಳಿಯುತ್ತಿತ್ತು. ಕ್ಯಾಸೆಟ್ ಎಷ್ಟು ಹೊತ್ತು ಓಡುತ್ತದೋ ಅಷ್ಟು ಹೊತ್ತೂ ಬೇಕು. ಹನ್ನೊಂದು ಸಂಜೆ ನಮ್ಮ ಮನೆಯಲ್ಲಿ ಅವ್ವ ಮಾತಾಡಿದಳು.

ಮೊದಲನೆಯ ಸಂಜೆ ಅವ್ವನ ದನಿ ಬರುತ್ತಲೇ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಗಿರಿಜಾ ಹಿಟ್ಟಿನ ಕೈಯಲ್ಲೇ ತಲೆಯ ಮೇಲೆ ಸೆರಗು ಎಳೆದುಕೊಂಡಳು. ನಾನು ನೋಡಿದೆ. ಅವಳೂ ನಾನು ನೋಡಿದ್ದನ್ನು ನೋಡಿದಳು.

“ಏನ್ ನಗ್ತೀರಿ? ಅತ್ತಿ ಅಲ್ಲೇನು?” ಅಂದಳು.

ಒಂಬತ್ತನೆಯದೋ ಹತ್ತನೆಯದೋ ಕ್ಯಾಸೆಟ್ಟು ನಮ್ಮ ಮದುವೆಯಾದ ಹೊಸದರದ್ದು. ಅದರಲ್ಲಿ ಅವ್ವ, ಸೊಸೆ ಗುಣದಲ್ಲಿ ಛಲೋ ಇದ್ದಾಳೆ, ಆದರೆ ಪಲ್ಯಕ್ಕೆ ಉಪ್ಪು ಹಾಕುವಾಗ ಅವಳ ಜೀವ ತವರಿನಲ್ಲಿರುತ್ತದೆ ಎಂದು ತಮ್ಮನಿಗೆ ವರದಿ ಒಪ್ಪಿಸಿದ್ದಳು. ಗಿರಿಜಾ ಸೊಂಟದ ಮೇಲೆ ಕೈಯಿಟ್ಟುಕೊಂಡು ಕಂಪ್ಯೂಟರಿನ ಮುಂದೆ ಬಂದು ನಿಂತಳು. “ನೋಡ್ರಿ ಇವರನ್ನ! ಹೋದಮ್ಯಾಲೂ ಬೈಸ್ಕೊಳ್ಳೂದು ತಪ್ಪಲಿಲ್ಲ ನನಗ!” ಎಂದು ನಗಲಿಕ್ಕೆ ಶುರು ಮಾಡಿದವಳು ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು ಒಳಗೆ ಹೋದಳು. ನನಗೆ ಆ ಹನ್ನೊಂದು ಸಂಜೆಗಳಲ್ಲಿ ನೆನಪುಳಿದ ಮಾತು ಅದೊಂದೇ. ಉಳಿದ ಹೊತ್ತೆಲ್ಲ ಪೇಪರ್ ಓದುತ್ತ, ಬಂದವರ ಜೊತೆ ಹರಟುತ್ತ ಅರ್ಧ ಕಿವಿಯಲ್ಲಿ ಕೇಳಿದೆ. ಇನ್ನೇನು, ಯಾವಾಗ ಬೇಕಾದರೂ ಕೇಳಬಹುದಲ್ಲ.

ಆ ದಿನಗಳಲ್ಲೇ ಬಸು ಕೆಲಸ ಮಾಡುವ ಸಂಸ್ಥೆಯಲ್ಲಿ ಒಂದು ಡಿಸ್ಕು ಕೆಟ್ಟು, ಯಾರೋ ತಿಂಗಳುಗಟ್ಟಲೆ ಟೈಪ್ ಮಾಡಿದ್ದೆಲ್ಲ ಹೋಯಿತು. ಬಸು ಮನೆಗೆ ಬಂದವನೇ ಚಪ್ಪಲಿಯನ್ನೂ ಬಿಡದೆ ಕಂಪ್ಯೂಟರಿನ ಮುಂದೆ ನಿಂತು, “ಅಣ್ಣ, ನಮಗ ಇನ್ನೊಂದು ಡಿಸ್ಕ ಬೇಕು” ಅಂದ. “ಒಂದರಾಗ ಬರದದ್ದು ಅದ ಹೊತ್ತಿಗೆ ಇನ್ನೊಂದರಾಗೂ ಬರೀಬೇಕು. ಮಿರರ್ ಅಂತಾರ. ಕನ್ನಡಿ.”

“ಯಾರು ಬರೀತಾರ?”

“ಕಾರ್ಡ್ ಬರೀತೈತಿ. ಒಂದು ಸಣ್ಣ ಕಾರ್ಡ್ ಬರ್ತೈತಿ, ಹುಬ್ಬಳ್ಳ್ಯಾಗ ಸಿಗತೈತಿ.”

“ನಮ್ಮ ಅಂಗಡ್ಯಾಗ ಚೀಟಿ ಕೆಳಗ ಕಾರ್ಬನ್ ಇಡ್ತೇವಲ್ಲ, ಹಂಗ?”

“ಹೂಂ. ಆದ್ರ ಕಾರ್ಬನ್ನಿಂದು ಮಸಕ ಇರತೈತಿ. ಇದು ಹಂಗಲ್ಲ. ಯಾವುದು ಮ್ಯಾಲಿಂದು, ಯಾವುದು ಕೆಳಗಿಂದು ಗೊತ್ತಾಗಂಗಿಲ್ಲ.”

ಒಂದು ರವಿವಾರ ಆ ಕೆಲಸಕ್ಕೆ ಕೂತೆವು. ಪಡಸಾಲೆಯಲ್ಲಿ ಪೇಪರ್ ಹಾಸಿ, ಪೆಟ್ಟಿಗೆ ಬಿಚ್ಚಿ, ಹೊಸ ಡಿಸ್ಕನ್ನು ಹಳೆಯದರ ಕೆಳಗಿನ ಗೂಡಿನಲ್ಲಿ ಕೂರಿಸಿದ. ನಾಲ್ಕು ತಿರುಪಿನಲ್ಲಿ ಒಂದು ಉರುಳಿ ಹೋಗಿ, ಅದನ್ನು ನಾನೂ ಅವನೂ ಮೊಣಕಾಲೂರಿ ಹುಡುಕಿ ಸೋತ ಮೇಲೆ ಗಿರಿಜಾ ಕಸಬರಿಗೆಯಿಂದ ಒಂದೇ ಸಲಕ್ಕೆ ತೆಗೆದುಕೊಟ್ಟಳು. ಕಾರ್ಡು ಸಿಕ್ಕಿಸಿ ಕಂಪ್ಯೂಟರ್ ಶುರು ಮಾಡಿದಾಗ ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಬಂತು. ಬಸು ಕೀಲಿಮಣೆಯಿಂದ ಕೈ ಹಿಂದೆ ತೆಗೆದ.

“ಏನಂತ ಕೇಳತೈತಿ?”

“ಯಾವುದರಿಂದ ಯಾವುದಕ್ಕ ನಕಲು ಮಾಡ್ಲಿ ಅಂತ ಕೇಳಾಕತ್ತೈತಿ. ಉಲ್ಟಾ ಹೇಳಿದ್ರ ಖಾಲಿ ಡಿಸ್ಕು ತುಂಬಿದ್ದರ ಮ್ಯಾಲೆ ಇಳೀತೈತಿ. ಎರಡೂ ಖಾಲಿ ಆಗ್ತಾವ.” ಅವನ ಹಣೆಯ ಮೇಲೆ ಬೆವರು ಬಂದಿತ್ತು. “ಅಣ್ಣ, ಮ್ಯಾಲಿನ ಡಿಸ್ಕಿನ ನಂಬರ್ ಓದು.”

ನಾನು ಕನ್ನಡಕವಿಲ್ಲದೆ ಓದಿದೆ. ಎಂಟನ್ನು ಮೂರು ಅಂದೆ. “ಖರೇ ಹೇಳೋ, ಎಂಟೋ ಮೂರೋ? ಅವ್ವ ಅದಾಳ ಇದರಾಗ!” ಎಂದು ಒದರಿದ. ಕೊನೆಗೆ ಅವನ ಹೆಂಡತಿ ಸವಿತಾ ಬಗ್ಗಿ ಓದಿದಳು. ಬಸು ಒಮ್ಮೆ ದೇವರ ಗೂಡಿನ ಕಡೆ ನೋಡಿ ಗುಂಡಿ ಒತ್ತಿದ. ಸಂಜೆಯವರೆಗೂ ಪರದೆಯ ಮೇಲೆ ನೂರಕ್ಕೆ ಇಷ್ಟು, ನೂರಕ್ಕೆ ಇಷ್ಟು ಎಂದು ಅಂಕಿ ಏರುತ್ತ ಹೋಯಿತು. ನಾವು ನಾಲ್ವರೂ ಗಿರಮಿಟ್ಟು ತಿನ್ನುತ್ತ, ಹೆರಿಗೆ ಕೋಣೆಯ ಹೊರಗೆ ಕೂತವರ ಹಾಗೆ ಕೂತಿದ್ದೆವು.

ನೂರಾದ ಮೇಲೆ ಬಸು ಮೇಲಿನ ಡಿಸ್ಕಿನ ವೈರು ತೆಗೆದುಹಾಕಿ ಕಂಪ್ಯೂಟರ್ ಶುರು ಮಾಡಿದ. ಒಂದು ಡಿಸ್ಕು ಕಾಣುತ್ತಿಲ್ಲವೆಂದು ಅದು ಕುಂಯ್ ಕುಂಯ್ ಎಂದು ಅತ್ತಿತು. ಆದರೂ ಅವ್ವನ ದನಿ ಬಂತು. ಆ ವೈರು ಹಾಕಿ ಇನ್ನೊಂದರದು ತೆಗೆದ. ಆಗಲೂ ಬಂತು.

“ನೋಡಿದ್ರಿಲ್ಲೋ?” ಅಂದ. “ಇನ್ನ ಅವ್ವ ಎಲ್ಲೂ ಹೋಗಂಗಿಲ್ಲ.”

ಆ ವರ್ಷದ ಆಯುಧ ಪೂಜೆಗೆ ಸವಿತಾ ಕಂಪ್ಯೂಟರಿನ ಪೆಟ್ಟಿಗೆಗೆ ಎರಡು ಕಡೆ ವಿಭೂತಿ ಹಚ್ಚಿದಳು. ಒಳಗೆ ಎರಡು ಇವೆಯಲ್ಲ ಎಂದು.

ಈಗ ನಾನು ಮಾಡಿದ ಕೆಲಸ ಹೇಳಬೇಕು. ಕರ್ಜಗಿಯ ಫಕ್ಕೀರಪ್ಪ ಎಂಬ ರೈತ ನಮ್ಮ ಅಂಗಡಿಗೆ ಮಾಲು ಹಾಕುತ್ತಿದ್ದ. ಅವನ ಹೊಲದ ಜೋಳ ತೆನೆ ಹಿರಿದು ಹಾಲುಗಾಳು ಕಟ್ಟಿದಾಗ ಹಕ್ಕಿಯ ಕಾಟ ಹೆಚ್ಚಾಯಿತು. ಕ್ಯಾಸೆಟ್ಟಿನ ಟೇಪು ಬಿಚ್ಚಿ ಹೊಲದ ಮೇಲೆ ಅಡ್ಡಡ್ಡ ಎಳೆದು ಕಟ್ಟಿದರೆ ಬಿಸಿಲಿಗೆ ಮಿರಿಮಿರಿ ಮಿಂಚಿ, ಗಾಳಿಗೆ ಗುಂಯ್ ಎನ್ನುತ್ತದೆ; ಹಕ್ಕಿ ಬರುವುದಿಲ್ಲ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತು. “ಗುಮಾಸ್ತರ, ಮನ್ಯಾಗ ಹಳೇ ಕ್ಯಾಸೆಟ್ ಬಿದ್ದಿದ್ರ ಕೊಡ್ರೆಪಾ, ನನ್ನ ಜ್ವಾಳ ಉಳೀತಾವ” ಅಂದ.

ಮನೆಯಲ್ಲಿ ಹನ್ನೊಂದಿದ್ದವು. ಮಾವನಿಗೆ ಹೊಳ್ಳಿ ಮುಟ್ಟಿಸಬೇಕಾದವು. ಆದರೆ ಮಾವನ ಟೇಪು ಕೆಟ್ಟಿದೆ, ಇವನ್ನು ಇಟ್ಟುಕೊಂಡು ಅವನೇನು ಮಾಡುತ್ತಾನೆ, ಬಸು ಹೇಗೂ ಸೀಡಿ ಮಾಡಿಕೊಡುತ್ತಾನೆ ಎಂದು ನಾನು ಲೆಕ್ಕ ಹಾಕಿದೆ. ಅವ್ವ ಎರಡು ಡಿಸ್ಕಿನಲ್ಲಿ ಭದ್ರವಾಗಿದ್ದಾಳೆ. ಮನೆಯಲ್ಲಿ ಯಾರಿಗೂ ಹೇಳದೆ, ಕಾಲುಚೀಲದ ಸಮೇತ ಒಯ್ದು ಕೊಟ್ಟೆ. ಮುಂದೆ ಯಾವುದೋ ಕೆಲಸಕ್ಕೆ ಕರ್ಜಗಿಗೆ ಹೋದಾಗ ಆ ಹೊಲ ನೋಡಿದೆ. ಕಂದು ಬಣ್ಣದ ಎಳೆಗಳು ತೆನೆಗಳ ಮೇಲೆ ಮಿಂಚುತ್ತ ಗುಂಯ್‌ಗುಡುತ್ತಿದ್ದವು. ನನಗೆ ಪಶ್ಚಾತ್ತಾಪವೇನೂ ಆಗಲಿಲ್ಲ. ಅವ್ವ ಒಬ್ಬರ ಬೆಳೆ ಕಾಯುತ್ತಿದ್ದಾಳೆಂದು ಒಂದು ಥರದ ಹೆಮ್ಮೆಯೇ ಆಯಿತು. ಆ ಹೆಮ್ಮೆ ನೆನಪಾದರೆ ಈಗಲೂ ಮೈ ಹಿಡಿಯಾಗುತ್ತದೆ.

ಸೀಡಿಯ ವಿಷಯ ಹೀಗಾಯಿತು. ಬಸು ಮಾಡಿ ಕೊಟ್ಟಿರಬೇಕೆಂದು ನಾನು ತಿಳಿದೆ. ಹಿರಿಯವನಾದ ನಾನು ನೆನಪಿಸಿದಾಗ ಮಾಡಿದರಾಯಿತೆಂದು ಅವನು ತಿಳಿದ.

ಒಂದು ವರ್ಷ ಕಳೆಯಿತು. ಬಸು ರಾಣೆಬೆನ್ನೂರಿನಲ್ಲಿ ಸ್ವಂತ ರಿಪೇರಿ ಅಂಗಡಿ ಇಡುವುದೆಂದಾಯಿತು. ಜಗಳವೇನಿಲ್ಲ, ಆದರೂ ಬೇರೆಯಾಗುವುದೆಂದರೆ ಸಾಮಾನು ಹಂಚಬೇಕು, ಹಂಚಲಿಕ್ಕೆ ಹಿರಿಯರು ಬೇಕು. ಅಪ್ಪ ಎಂದೋ ಹೋಗಿದ್ದ. ದೊಡ್ಡಪ್ಪ ಬಂದು ಪಡಸಾಲೆಯಲ್ಲಿ ಕೂತ. ಅವನದೊಂದೇ ಪದ್ಧತಿ: ಜೋಡಿ ಇದ್ದದ್ದನ್ನೆಲ್ಲ ಬಿಡಿಸಿ ಒಂದೊಂದು. ಎರಡು ತಾಮ್ರದ ಹಂಡೆ, ಒಂದೊಂದು. ಎರಡು ಕಂಬಳಿ, ಒಂದೊಂದು. ಕಂಪ್ಯೂಟರಿನ ಹತ್ತಿರ ಬಂದು ಬೆತ್ತದಿಂದ ಅದನ್ನು ಮುಟ್ಟಿದ.

“ಇದು?”

“ಇದು ಬಸುಂದು ದೊಡ್ಡಪ್ಪ. ಅವನ ಉದ್ಯೋಗದ್ದು” ಅಂದೆ.

“ಒಳಗೇನೈತಿ?”

“ಎರಡು ಡಿಸ್ಕ್ ಅದಾವ. ಅವ್ವನ ಮಾತು ಐತಿ ಅದರಾಗ” ಅಂದ ಬಸು.

“ಎರಡ ಅದಾವಲ್ಲ? ಮತ್ಯಾಕ ಮಾತು? ತಗದು ಒಂದೊಂದು ಇಟ್ಕೋರಿ. ನಾಳೆ ಅವ್ವನ ಮಾತು ಅಂವ ಇಟ್ಕೊಂಡ, ಇಂವ ಇಟ್ಕೊಂಡ ಅಂತ ನನ್ನ ಮುಂದ ಬರಬ್ಯಾಡ್ರಿ.”

ಬಸು ಬಿದ್ದು ಬಿದ್ದು ನಕ್ಕ. ನಗುತ್ತಲೇ ತಿರುಪುಗಳನ್ನು ಬಿಚ್ಚಿ ಒಂದು ಡಿಸ್ಕನ್ನು ನನ್ನ ಕೈಯಲ್ಲಿಟ್ಟ. “ಅಣ್ಣ, ಇಂಥಾ ಪಾಲು ಜಗತ್ತಿನ್ಯಾಗ ಯಾರಿಗೂ ಸಿಕ್ಕಿಲ್ಲ. ನಿನಗೂ ಪೂರ್ತಿ, ನನಗೂ ಪೂರ್ತಿ!” ದೊಡ್ಡಪ್ಪನೂ ತನ್ನ ನ್ಯಾಯಕ್ಕೆ ತಾನೇ ಮೆಚ್ಚಿ ಮೀಸೆ ನೀವಿಕೊಂಡ. ಜೊತೆಯಲ್ಲಿದ್ದಾಗ ಒಂದು ಕೆಟ್ಟರೆ ಇನ್ನೊಂದು ಕುಂಯ್ ಎಂದು ಅಳುತ್ತಿತ್ತು. ಇನ್ನು ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಾಗುವುದಿಲ್ಲ ಎಂಬುದು ಆ ದಿನ ನಮ್ಮ ಯಾರ ತಲೆಗೂ ಹೊಳೆಯಲಿಲ್ಲ.

ಬಸು ನನಗೊಂದು ಹಳೆಯ ಕಂಪ್ಯೂಟರ್ ಹೊಂದಿಸಿ, ನನ್ನ ಪಾಲಿನ ಡಿಸ್ಕನ್ನು ಅದರಲ್ಲಿ ಹಾಕಿಕೊಟ್ಟ. ಮರುವರ್ಷ ಗಿರಿಜಾಳ ತಂಗಿಯ ಮದುವೆಯಾಯಿತು. ವಿಡಿಯೋ ಮಾಡಿದವನು ಅದನ್ನು ಕಂಪ್ಯೂಟರಿಗೆ ತುಂಬಲು ಬಂದು, ಜಾಗ ಸಾಲದು, ಅಳಿಸಿ ಹೊಸದಾಗಿ ಮಾಡಬೇಕು, ಇದರಲ್ಲಿ ಬೇಕಾದದ್ದು ಏನಾದರೂ ಇದೆಯೇ ಎಂದು ಕೇಳಿದ. ಒಳ್ಳೆಯ ಮನುಷ್ಯ, ಎರಡು ಸಲ ಕೇಳಿದ.

“ನಮ್ಮ ಅವ್ವನ ಮಾತು ಐತಿ. ಇರಲಿ, ಅಳಸ್ರಿ. ನಮ್ಮ ತಮ್ಮನ ಹತ್ರ ಪೂರ್ತಿ ಐತಿ” ಅಂದೆ.

ಹೀಗೆ ಅಂದದ್ದನ್ನು ಮರೆತೂಬಿಟ್ಟೆ. ಮತ್ತೊಂದು ವರ್ಷಕ್ಕೆ ಮಾವ ಹಾಸಿಗೆ ಹಿಡಿದ. ಉಸಿರಿನ ತೊಂದರೆ. ನೋಡಲು ಮೇಡ್ಲೇರಿಗೆ ಹೋದಾಗ ನನ್ನ ಕೈ ಹಿಡಿದು, “ಶಿವ್ಯಾ, ಅಕ್ಕನ ಮಾತು ಒಮ್ಮೆ ಕೇಳಸೋ. ಭಾಳ ದಿನ ಆತು” ಅಂದ. ಮರುದಿನ ಬ್ಯಾಡಗಿಯಿಂದಲೇ ಬಸುಗೆ ಫೋನು ಮಾಡಿದೆ.

“ಬಸು, ಮಾವಗ ಅವ್ವನ ದನಿ ಕೇಳಬೇಕಂತ. ಒಂದು ಸೀಡಿ ಮಾಡಪಾ ಲಗೂನ.”

“ಆತಣ್ಣ. ನಿನ್ನ ಡಿಸ್ಕ ತಗೊಂಡು ಬಾ.”

“ನಂದ್ಯಾಕ? ನಿನ್ನ ಹತ್ರ ಐತಲ್ಲ.”

ಬಸು ಸಣ್ಣ ದನಿಯಲ್ಲಿ ಹೇಳಿದ. “ನಂದು ಒಬ್ಬ ಗಿರಾಕಿ ಮಷೀನಿಗೆ ಹಾಕಿ ಕೊಟ್ಟೇನಿ, ಅಳಿಸಿ. ಅವರಿಗೆ ಅರ್ಜೆಂಟ್ ಇತ್ತು. ನಿನ್ನ ಹತ್ರ ಐತಲ್ಲ ಅಂತ...”

ನಾನೂ ನನ್ನದನ್ನು ಹೇಳಿದೆ. ಮೊದಲು ಇಬ್ಬರೂ ಬೈದಾಡಿದೆವು. “ಡಿಸ್ಕಿನ ಅಂಗಡಿ ಇಟ್ಕೊಂಡು ಕುಂತೀದಿ, ನಿನಗ ಬ್ಯಾರೆ ಡಿಸ್ಕ ಸಿಗಲಿಲ್ಲೇನೋ?” ಎಂದು ನಾನು, “ಮದುವಿ ವಿಡಿಯೋ ಇಡಾಕ ಅವ್ವನ್ನ ಎಬ್ಬಸಬೇಕಾಗಿತ್ತೇನು?” ಎಂದು ಅವನು. ಆಮೇಲೆ ಅವನಿಗೆ ಒಮ್ಮೆಲೇ ಜೀವ ಬಂದ ಹಾಗಾಯಿತು.

“ತಡಿ ತಡಿ. ಕ್ಯಾಸೆಟ್ ಅದಾವಲ್ಲ! ಹೊಳ್ಳಿ ಇಳಸಿದ್ರಾತು. ಎಲ್ಲಿಟ್ಟೀದಿ?”

ಅಂಗಡಿಯ ಮುಂದೆ ಹಮಾಲರು ಚೀಲ ಹೇರುತ್ತಿದ್ದರು. ನಾನು ಫೋನು ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ನಿಂತೆ. ಹೇಳಿದ್ದು ಅವನಿಗೆ ಮೊದಲ ಸಲಕ್ಕೆ ತಿಳಿಯಲಿಲ್ಲ.

“ಹಕ್ಕಿ ಬೆದರಸಾಕ?” ಅಂದ. ಮತ್ತೊಮ್ಮೆ, “ಹಕ್ಕಿ ಬೆದರಸಾಕ?” ಅಂದ. ಆಮೇಲೆ ಫೋನು ಇಟ್ಟ.

ಆ ರವಿವಾರ ಕರ್ಜಗಿಗೆ ಹೋದೆ. ಫಕ್ಕೀರಪ್ಪ ಪಾಪ, ತನ್ನದೇನೋ ತಪ್ಪಾಯಿತೆಂದು ಗಾಬರಿಯಾದ. “ಅದು ಒಂದು ಸುಗ್ಗಿಗೆ ಮುಗೀತೈತ್ರಿ. ಬಿಸಲಿಗೆ ಗರಿಗರಿ ಆಗಿ ಉದರಿ ಹೋಗತೈತಿ. ಮೊದಲ ಹೇಳಿದ್ರ ನಾ ಮುಟ್ಟತಿದ್ದಿಲ್ರಿ” ಅಂದ. ಬೇಲಿಯ ಜಾಲಿಗೆ ಸುತ್ತಿಕೊಂಡಿದ್ದ ಒಂದು ಗೇಣು ಎಳೆ ಸಿಕ್ಕಿತು. ಬಣ್ಣ ಹೋಗಿ ಬೆಳ್ಳಗಾಗಿತ್ತು. ನನ್ನ ಡಿಸ್ಕನ್ನು ಬಸು ಮೂರು ದಿನ ಇಟ್ಟುಕೊಂಡು ಏನೇನೋ ಮಾಡಿ ನೋಡಿದ. ಎಲ್ಲೆಲ್ಲಿ ತಡವಿದರೂ ಮದುವೆಯ ಬ್ಯಾಂಡಿನ ಸದ್ದೇ ಬಂತು. ಗಿರಾಕಿಗೆ ಕೊಟ್ಟ ಅವನ ಡಿಸ್ಕು ಅಷ್ಟರಲ್ಲಿ ಮತ್ತೊಬ್ಬರ ಕೈಗೆ ಹೋಗಿ, ಎಲ್ಲಿದೆಯೆಂದು ಗೊತ್ತಾಗಲಿಲ್ಲ. ಮೂರನೆಯ ದಿನ ನನ್ನದೂ ತಿರುಗುವುದನ್ನು ನಿಲ್ಲಿಸಿತು. ಎಸೆಯಲು ಮನಸ್ಸಾಗದೆ ಅಂಗಡಿಗೆ ತಂದು ಚೀಟಿಗಳ ಮೇಲಿಟ್ಟೆ.

ಉಳಿದದ್ದು ಮಾವನಿಗೆ ಹೇಳುವುದು. ಹೋಗುವಾಗ ಬಸ್ಸಿನಲ್ಲಿ ನಾಲ್ಕು ಥರ ಮಾತು ಕೂಡಿಸಿಕೊಂಡು ಹೋದೆ. ಅವನ ಮುಖ ನೋಡಿದ ಮೇಲೆ ಬಾಯಿಗೆ ಬಂದದ್ದು ಒಂದು ಸುಳ್ಳು: “ಕಂಪ್ಯೂಟರ್ ರಿಪೇರಿಗೆ ಕೊಟ್ಟೇವಿ ಮಾವ. ಬಂದ ಕೂಡಲೇ ಕೇಳಸ್ತೇನಿ.”

ಮಾವ ದಿಂಬಿಗೆ ಒರಗಿಕೊಂಡು ನನ್ನನ್ನೇ ನೋಡಿದ. “ಮೊನ್ನೆ ಬಸು ಬಂದಿದ್ದ. ಸೀಡಿ ತಯಾರಾಗೈತಿ, ಅಣ್ಣನ ಹತ್ರ ಕೊಟ್ಟೇನಿ ಅಂದ. ನೀ ನೋಡಿದ್ರ ರಿಪೇರಿ ಅಂತೀದಿ.” ಕೆಮ್ಮುತ್ತ ನಕ್ಕ. “ಅಣ್ಣತಮ್ಮ ಬರೂ ಮೊದಲ ಒಂದ ಮಾತು ಮಾಡ್ಕೊಂಡು ಬರಬಾರದೇನ್ರೋ? ನಮ್ಮ ಮಿಲಿಟ್ರ್ಯಾಗ ಆಗಿದ್ರ ಇಬ್ಬರ್ನೂ ಗ್ರೌಂಡ್ ಸುತ್ತ ಓಡಸ್ತಿದ್ದೆ.”

ಆಗಲಾದರೂ ಹೇಳಬಹುದಿತ್ತು. ಬಾಗಿಲನ್ನು ಅವನೇ ತೆರೆದಿಟ್ಟಿದ್ದ. ನಾನು ತಲೆ ತಗ್ಗಿಸಿಕೊಂಡು ನೆಲದ ಮೇಲಿನ ಚಾಪೆಯ ಗೀರುಗಳನ್ನು ನೋಡಿದೆ. ಅವನ ಮಗಳು ಚಹಾ ತಂದಳು, ಕುಡಿದು ಎದ್ದು ಬಂದೆ. ಅಂದಿನಿಂದ ಮಾವ ಕ್ಯಾಸೆಟ್ಟಿನ ಮಾತು ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಕೊನೆಯ ಸಲ ಹೋದಾಗ ಅವನನ್ನು ಹೊರಗೆ ಕಟ್ಟೆಯ ಮೇಲೆ ಬಿಸಿಲಿಗೆ ಕೂರಿಸಿದ್ದರು. ಬಹಳ ಇಳಿದುಹೋಗಿದ್ದ. ಅದೂ ಇದೂ ಮಾತಾಡಿ ನಾನು ಏಳಬೇಕೆನ್ನುವಾಗ ಪಕ್ಕದ ಜಾಗವನ್ನು ಕೈಯಿಂದ ತಟ್ಟಿದ.

“ಕುಂದ್ರು. ಆ ಡಿಸ್ಕು ಸೀಡಿ ಎಲ್ಲಾ ಬಿಡು ಇನ್ನ. ನಾ ಹೇಳ್ತೇನಿ ಕೇಳು. ಹನ್ನೊಂದೂ ಬರ್ತಾವ ನನಗ. ಅಲ್ಲಿ ಥಂಡ್ಯಾಗ ಕೇಳೂದು ಬಿಟ್ರ ಬ್ಯಾರೆ ಏನಿತ್ತು? ಮೊದಲನೇದು ನಾ ಜಮ್ಮೂದಾಗ ಇದ್ದಾಗ ಬಂದದ್ದು.”

ಕಣ್ಣು ಮುಚ್ಚಿದ. ಅವನ ಒಡೆದ ದನಿ ಸ್ವಲ್ಪ ಮೇಲೇರಿತು. ಅವ್ವ ಮಾತಾಡುವಾಗ ಏರುತ್ತಿದ್ದದ್ದು ಹಾಗೆಯೇ.

“ಮಲ್ಲೇಶಿ, ಇವತ್ತ ನಮ್ಮ ಎಮ್ಮಿ ಈದೈತಿ. ಹೆಣ್ಣ ಕರ. ಗಿಣ್ಣ ಮಾಡೇನಿ. ನಿನಗ ಹೆಂಗ ಕಳಸ್ಲೋ?”

ಅಷ್ಟು ಹೇಳಿ ನಿಲ್ಲಿಸಿದ. ಕಣ್ಣು ತೆರೆಯದೆ, “ಇಲ್ಲಿ ಸ್ವಲ್ಪ ಸುಮ್ನ ಇರ್ತಾಳ” ಅಂದ. “ನಾ ಉತ್ತರ ಹೇಳ್ಲಿ ಅಂತ ಜಾಗ ಬಿಟ್ಟಾಳ.”

ಕ್ಯಾಸೆಟ್ ಇಳಿಸುವಾಗ ಆ ಖಾಲಿ ಜಾಗಗಳನ್ನು ನಾವೂ ಕೇಳಿದ್ದೆವು. ಟೇಪು ಹಾಳಾಗಿದೆ ಅಂದುಕೊಂಡಿದ್ದೆವು.

ಮಾವ ಸುಮ್ಮನಿದ್ದ. ತುಟಿ ಮಾತ್ರ ಸಣ್ಣಗೆ ಅಲುಗುತ್ತಿತ್ತು. ನನಗೆ ಅಲ್ಲಿ ಕೂರುವುದು ಆಗಲಿಲ್ಲ. ಅವನು ಒಂದೊಂದೇ ಕ್ಯಾಸೆಟ್ ಹೇಳುತ್ತ ಹೋದರೆ ಕಳೆದದ್ದು ಏನೇನೆಂದು ನನಗೆ ಗೊತ್ತಾಗಿಬಿಡುತ್ತಿತ್ತು. ಆ ಹೊತ್ತಿಗೆ ಊರ ಹೊರಗೆ ರಾಣೆಬೆನ್ನೂರು ಬಸ್ಸಿನ ಹಾರ್ನು ಕೇಳಿಸಿತು. ಅದು ಕೊನೆಯ ಬಸ್ಸೇನಲ್ಲ. ಒಂದು ತಾಸಿಗೆ ಇನ್ನೊಂದಿತ್ತು.

“ಮಾವ, ಬಸ್ ಬಂತು. ನಾಳೆ ಟೆಂಡರ್ ಐತಿ. ಮುಂದಿನ ವಾರ ಬಂದು ಎಲ್ಲಾ ಕೇಳ್ತೇನಿ.”

ಅವನು ಕಣ್ಣು ತೆರೆದ. “ಹೌದಾ? ಲಗೂ ಹೋಗು ಮತ್ತ. ಕುಂದ್ರಾಕ ಜಾಗ ಸಿಗಂಗಿಲ್ಲ” ಅಂದ.

ಮುಂದಿನ ವಾರ ನಾನು ಹೋದದ್ದು ಮಣ್ಣಿಗೆ.

ಬಸುವೂ ಬಂದಿದ್ದ. ಎಲ್ಲ ಮುಗಿದ ಮೇಲೆ ಇಬ್ಬರೂ ಬಸ್ ನಿಲ್ದಾಣದವರೆಗೆ ನಡೆದೆವು. ಅಲ್ಲಿ ನಿಂತುಕೊಂಡು ನಾನು ಮಾವ ಹೇಳಿದ್ದನ್ನು ಅವನಿಗೆ ಹೇಳಿದೆ. ಎಮ್ಮಿ ಈದದ್ದು, ಹೆಣ್ಣ ಕರ, ಗಿಣ್ಣ. ಅವನು ಇನ್ನೊಮ್ಮೆ ಹೇಳಿಸಿಕೊಂಡ, ಒಂದೊಂದು ಮಾತಿಗೂ ತಲೆಯಾಡಿಸುತ್ತ. ನಿನ್ನ ಹತ್ತಿರವೂ ಇರಲಿ ಅಂದೆ.

“ಮುಂದ?” ಅಂದ.

“ಮುಂದ ಬಸ್ ಬಂತು” ಅಂದೆ.